ಜೀವಕೋಶಕ್ಕೆ ನಾನು ಕಟ್ಟಿದ ಕೋಟೆ

ಚಿತ್ರದುರ್ಗದವರಿಗೆ ಒಂದು ಚಾಳಿಯುಂಟು. ಅದು ನನಗೂ ಉಂಟೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಟ್ಟಿಯಾದ ಯಾವ ವಸ್ತುವನ್ನು ಕಂಡರೂ ನಾವು ಅದನ್ನು ಕೋಟೆಗೆ ಹೋಲಿಸದೆ ಬಿಡುವವರಲ್ಲ. ನಮ್ಮ ಮನೆಯ ಕುಕ್ಕರು ಅಟ್ಟದಿಂದ ಕೆಳಗೆ ಬಿದ್ದೂ ನೆಗ್ಗದೆ ಉಳಿದಾಗ ನನ್ನ ಹೆಂಡತಿ ಅದನ್ನು ನಾಲ್ಕು ಬಾರಿ ತಿರುಗಿಸಿ ನೋಡಿ, "ಕೋಟೆ ಇದ್ದಂಗೈತೆ ಕಣ್ರಿ" ಎಂದಳು. ನನ್ನ ದವಡೆಹಲ್ಲನ್ನು ಕೀಳಲು ಅರ್ಧ ಗಂಟೆ ಹೋರಾಡಿದ ದಂತವೈದ್ಯರು ಇಕ್ಕಳವನ್ನು ಕೆಳಗಿಟ್ಟು, ಹಣೆಯ ಬೆವರನ್ನು ಒರೆಸಿಕೊಂಡು, ಅದೇ ಮಾತನ್ನು ಆಡಿದರು. ನೋವಿನಲ್ಲಿಯೂ ನನಗೆ ಹೆಮ್ಮೆಯಾಯಿತು. ಏಳು ಸುತ್ತಿನ ಕಲ್ಲುಗೋಡೆಯ ನೆರಳಿನಲ್ಲಿ ಹುಟ್ಟಿ ಬೆಳೆದವರಿಗೆ ಉಪಮೆಯೊಂದು ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಇನ್ನೊಂದನ್ನು ಹುಡುಕುವ ಶ್ರಮವನ್ನು ನಾವು ಯಾವ ಕಾಲಕ್ಕೂ ತೆಗೆದುಕೊಂಡಿಲ್ಲ.

ಈ ಚಾಳಿಯಿಂದ ನಾನು ಒಮ್ಮೆ ಮಾಡಿದ ತಪ್ಪನ್ನು ಇಲ್ಲಿ ಬರೆಯಬೇಕಾಗಿದೆ. ಬರೆಯುವಾಗ ನಾಚಿಕೆಯಾಗುವುದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಗುತ್ತಿರುವುದೇಕೆ ಎಂಬುದನ್ನು ಓದುಗರು ಕೊನೆಯವರೆಗೆ ತಾಳ್ಮೆಯಿಟ್ಟು ಓದಿದರೆ ತಿಳಿದೀತು.

ನಾನು ಕನ್ನಡದ ಮೇಷ್ಟರಾಗಿದ್ದವನು. ಈಗ ಆ ಕೆಲಸವನ್ನು ಬಿಟ್ಟಿದ್ದೇನೆ. ಆದರೆ ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತವನ್ನು ನೋಡುವ ಮೊದಲು ಅಲ್ಪಪ್ರಾಣ ಮಹಾಪ್ರಾಣಗಳನ್ನು ನೋಡುವ ರೋಗವು ನನ್ನನ್ನು ಬಿಟ್ಟಿಲ್ಲ. ಹಲವು ವರ್ಷಗಳ ಹಿಂದೆ ಹಿರೇಗುಂಟನೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದಾಗ ನಮ್ಮ ವಿಜ್ಞಾನದ ಅಧ್ಯಾಪಕಿ ವನಜಾಕ್ಷಿಯವರು ಹೆರಿಗೆಯಾಗಿ, ಬಾಣಂತನಕ್ಕೆಂದು ರಜೆ ಪಡೆದು ತವರೂರಾದ ಹೊಸದುರ್ಗಕ್ಕೆ ಹೋದರು. ಮರುದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. ಅವರು ಹಿರಿಯೂರಿನವರು, ಮಾತಿನಲ್ಲಿ ಸುತ್ತುಬಳಸು ಇಲ್ಲ.

"ಮೇಷ್ಟ್ರೇ, ಬದಲಿ ಟೀಚರ್ ಬರಾಕೆ ಇನ್ನೂ ತಿಂಗಳಾಗ್ತೈತೆ. ಒಂಬತ್ತನೇ ಕ್ಲಾಸಿಗೆ ಜೀವಕೋಶದ ಪಾಠ ನೀವೇ ಹೇಳ್ರಿ."

"ನಾನು ಕನ್ನಡದವನು, ಸ್ವಾಮಿ."

"ಜೀವಕೋಶನೂ ಕನ್ನಡದಾಗೇ ಬರ್ದೈತೆ, ಬುಕ್ ತೆಗೆದು ನೋಡ್ರಿ."

ಪುಸ್ತಕವನ್ನು ಕೈಗೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಸಂತೋಷದಿಂದಲೇ ತೆಗೆದುಕೊಂಡೆ. ವಿಜ್ಞಾನದ ಪುಸ್ತಕಗಳ ವಾಕ್ಯಗಳು ನಡು ಮುರಿದವರಂತೆ ನಡೆಯುತ್ತವೆ ಎಂಬುದು ನನ್ನ ಬಹುದಿನದ ದೂರು. ಅವುಗಳನ್ನು ನೆಟ್ಟಗೆ ನಿಲ್ಲಿಸಿ ತೋರಿಸುವ ಅವಕಾಶ ತಾನಾಗಿಯೇ ಒದಗಿ ಬಂದಿತ್ತು. ಪಾಠವನ್ನು ಮೂರು ಬಾರಿ ಓದಿದೆ. ಜೀವವೆಂಬುದೆಲ್ಲ ಕೋಶಗಳಿಂದ ಆದದ್ದು, ಪ್ರತಿಯೊಂದು ಕೋಶದ ಸುತ್ತಲೂ ಒಂದು ತೆಳ್ಳನೆಯ ಪೊರೆಯಿದೆ, ಅದು ಇಲ್ಲವಾದರೆ ಒಳಗು ಹೊರಗು ಎಂಬ ಭೇದವೇ ಇಲ್ಲ ಎಂಬುದನ್ನು ತಿಳಿದು ಬೆರಗಾದೆ. ಆಮೇಲೆ ಹೀಗೊಂದು ಲಕ್ಷಣವಾಕ್ಯವನ್ನು ರಚಿಸಿದೆ: "ಜೀವಕೋಶವನ್ನು ಸುತ್ತುವರಿದು, ಒಳಗಿನದನ್ನು ಕಾಪಾಡಿ, ಹೊರಗಿನದನ್ನು ತಡೆಯುವ ತೆಳುವಾದ ಆವರಣವೇ ಪೊರೆ." ಮೂರು ಕಾಲಿನ ಒಲೆಯಂತೆ ಎಲ್ಲಿಯೂ ಅಲುಗಾಡದ ವಾಕ್ಯ. ಪುಸ್ತಕದಲ್ಲಿ ಇದರ ಜೊತೆಗೆ, ಪೊರೆಯು ಕೆಲವು ವಸ್ತುಗಳನ್ನು ಒಳಕ್ಕೂ ಹೊರಕ್ಕೂ ಹಾದುಹೋಗಲು ಬಿಡುತ್ತದೆ ಎಂಬ ಅರ್ಥದ ಇನ್ನೊಂದು ಸಾಲು ಇತ್ತು. ಅದು ನನ್ನ ವಾಕ್ಯದ ಲಯವನ್ನು ಕೆಡಿಸುತ್ತಿತ್ತು. ತೆಗೆದುಹಾಕಿದೆ.

ಸೋಮವಾರ ತರಗತಿಗೆ ಹೋದೆ. ಹೋದವನು ಏನು ಮಾಡಿದೆನೆಂಬುದನ್ನು ನೀವು ಊಹಿಸಿರಬಹುದು. ಹಲಗೆಯ ಮೇಲೆ ಏಳು ಸುತ್ತಿನ ಕೋಟೆಯನ್ನು ಬರೆದೆ. ಪೊರೆಯೆಂದರೆ ಜೀವಕೋಶದ ಕೋಟೆ ಎಂದೆ. ಬುರುಜು, ಕಂದಕ, ಬತೇರಿ ಎಲ್ಲವೂ ಬಂದವು; ಬೆಟ್ಟದ ಕಿಂಡಿಯೂ ಅಲ್ಲಿ ಕಾದು ನಿಂತ ಒನಕೆಯೂ ಬಂದವು. ಮಕ್ಕಳ ಕಣ್ಣುಗಳು ಅರಳಿದವು. ಪೊರೆಯ ಪಾಠಕ್ಕೆ ಚಪ್ಪಾಳೆ ಬಿದ್ದದ್ದು ಆ ಶಾಲೆಯಲ್ಲಿ ಅದೇ ಮೊದಲೆಂದು ತೋರುತ್ತದೆ. ಎರಡನೆಯ ಬೆಂಚಿನಲ್ಲಿ ಕೆಂಚಮ್ಮ ಎಂಬ ಹುಡುಗಿ ಕುಳಿತುಕೊಳ್ಳುತ್ತಿದ್ದಳು. ಪಕ್ಕದ ಹಟ್ಟಿಯ ಕುರಿಗಾಹಿಗಳ ಮನೆಯವಳು. ಬೆಳಿಗ್ಗೆ ಕುರಿಗಳನ್ನು ಹೊರಡಿಸಿ ಬರುವುದರಿಂದ ದಿನವೂ ಹತ್ತು ನಿಮಿಷ ತಡ. ಅವಳು ಎದ್ದು ನಿಂತಳು.

"ಸಾರ್, ಕೋಟೆ ಒಡೆದ್ರೆ?"

"ಒಡೆದರೆ ಸೋರುತ್ತದೆ. ಸೋರುವ ಕೋಟೆಗೆ ನೀರು ತುಂಬುವವನು ಮೂರ್ಖ" ಎಂದೆ.

ತರಗತಿಯು ನಕ್ಕಿತು. ಕೆಂಚಮ್ಮ ಮಾತ್ರ ನಗದೆ ಆ ಮಾತನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅವಳೇಕೆ ಕೇಳಿದಳೆಂದು ನಾನು ಕೇಳಲಿಲ್ಲ. ಮಾತು ಚೆನ್ನಾಗಿ ಬಂದಾಗ ಕಿವಿ ಮಂದವಾಗುತ್ತದೆ.

ಕಿಟಕಿಯ ಹೊರಗೆ ನಿಂತು ಕೇಳಿದ ಮುಖ್ಯೋಪಾಧ್ಯಾಯರು ಗಂಟೆ ಹೊಡೆದ ಮೇಲೆ ನನ್ನನ್ನು ಹಿಡಿದರು. "ಕೋಟೆ ಯಾಕ್ರಿ ಮೇಷ್ಟ್ರೇ? ಮಾರಿಕಣಿವೆ ಡ್ಯಾಮ್ ಅನ್ಬೇಕಿತ್ತು. ತೂಬು ಐತೆ, ಬೇಕಾದಾಗ ಬಿಡ್ತಾರೆ, ಬ್ಯಾಡಾದಾಗ ಮುಚ್ತಾರೆ." ಹಿರಿಯೂರಿನವರಿಗೆ ಜಗತ್ತಿನಲ್ಲಿ ಕಾಣುವುದೆಲ್ಲ ಮಾರಿಕಣಿವೆ. ಆ ಊರಭಿಮಾನಕ್ಕೆ ಮನಸ್ಸಿನಲ್ಲಿಯೇ ಮರುಕಪಟ್ಟು, ಅಂದೇ ವನಜಾಕ್ಷಿಯವರಿಗೊಂದು ಕಾಗದ ಬರೆದೆ. ನನ್ನ ಲಕ್ಷಣವಾಕ್ಯವನ್ನೂ ಕೋಟೆಯ ಉಪಮೆಯನ್ನೂ ವಿವರವಾಗಿ ತಿಳಿಸಿ, ಮುಂದಿನ ವರ್ಷದಿಂದ ಅವರೂ ಇದನ್ನೇ ಬಳಸಬಹುದೆಂದು ಉದಾರವಾಗಿ ಅನುಮತಿ ಕೊಟ್ಟೆ.

ಶನಿವಾರ ಬೆಳಗಿನ ಶಾಲೆ. ಮೊದಲ ಅವಧಿಯಲ್ಲಿಯೇ ಉತ್ತರ ಬಂತು.

"ಸರ್, ದಯವಿಟ್ಟು ಕೋಟೆ ಎನ್ನಬೇಡಿ. ಕೋಟೆಯ ಕಲ್ಲು ಅಲುಗಾಡುವುದಿಲ್ಲ. ಪೊರೆ ಎಣ್ಣೆಯಂತೆ ಸದಾ ಹರಿದಾಡುತ್ತಿರುತ್ತದೆ. ಕೊಬ್ಬಿನ ಅಣುಗಳು ಎರಡು ಸಾಲಾಗಿ ನಿಂತು ಅದು ಆಗಿದೆ. ಅವುಗಳ ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಆಗದು. ಆದ್ದರಿಂದ ತಲೆಗಳನ್ನು ಹೊರಗಿಟ್ಟು, ಬಾಲಗಳನ್ನು ಒಂದಕ್ಕೊಂದು ತಾಗಿಸಿ ಒಳಗೆ ಅಡಗಿಸಿಕೊಳ್ಳುತ್ತವೆ. ನಡುನಡುವೆ ಪ್ರೋಟೀನಿನ ಬಾಗಿಲುಗಳಿವೆ. ಪೊರೆಯ ಹೆಚ್ಚುಗಾರಿಕೆ ಇರುವುದು ತಡೆಯುವುದರಲ್ಲಲ್ಲ, ಆರಿಸುವುದರಲ್ಲಿ. ನಮ್ಮ ಕರುಳಿನ ಕೋಶಗಳಲ್ಲಿ ಒಂದು ಬಾಗಿಲಿದೆ. ಅದು ಉಪ್ಪು ಒಂದೇ ಬಂದರೆ ತೆರೆಯದು, ಗ್ಲೂಕೋಸ್ ಒಂದೇ ಬಂದರೂ ತೆರೆಯದು, ಎರಡೂ ಜೊತೆಯಾಗಿ ಬಂದರೆ ಒಳಗೆ ಬಿಡುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಸಾಮಾನ್ಯವಾಗಿ ಆ ಬಾಗಿಲು ಕೆಟ್ಟಿರುವುದಿಲ್ಲ. ಅದಕ್ಕೇ ಮಕ್ಕಳಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವುದು. ನಮ್ಮ ಕಡೆ ಭೇದಿಯಾದರೆ ನೀರು ನಿಲ್ಲಿಸುವವರು ಇನ್ನೂ ಇದ್ದಾರೆ, ಇದನ್ನು ತಪ್ಪದೆ ಹೇಳಿ. ಮಗು ಎದ್ದಿತು, ನಿಲ್ಲಿಸುತ್ತೇನೆ."

ಓದಿ ನನಗೆ ಬೇಸರವಾಯಿತು. ಕಾಗದದಲ್ಲಿ ಒಂದಾದರೂ ಕಾಗುಣಿತದ ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು, ಸಿಗಲಿಲ್ಲ. ಸೋಮವಾರ ಯಾವುದಾದರೂ ಗೌರವಯುತವಾದ ರೀತಿಯಲ್ಲಿ ಕೋಟೆಯನ್ನು ಹಿಂತೆಗೆದುಕೊಂಡರಾಯಿತೆಂದು ಯೋಚಿಸುತ್ತ ಒಂಬತ್ತನೆಯ ತರಗತಿಗೆ ಹೋದೆ. ಕೆಂಚಮ್ಮನ ಜಾಗ ಖಾಲಿಯಿತ್ತು. ತಡವಾಗುವುದುಂಟು, ತಪ್ಪಿಸುವುದು ಅವಳ ಸ್ವಭಾವವಲ್ಲ. ಪಕ್ಕದವಳನ್ನು ಕೇಳಿದೆ.

"ಅವಳ ಕುರಿಮರಿಗೆ ಉಚ್ಕಣಾದು ಸುರುವಾಗೈತೆ ಸಾರ್, ನಿನ್ನೆಯಿಂದ ಜೋರು. ನೀರು ಬಿಡಂಗಿಲ್ಲ ಅಂತ ಕಾಯ್ಕಂಡು ಕುಂತವಳೆ. ನೀವೇ ಹೇಳಿದ್ರಲ್ಲ ಸಾರ್, ಸೋರೋ ಕೋಟೆಗೆ ನೀರು ತುಂಬಬಾರ್ದು ಅಂತ?"

ಉಚ್ಕಣಾದೆಂದರೆ ಭೇದಿ. ಜೇಬಿನ ಕಾಗದವನ್ನು ತೆಗೆದು ಮತ್ತೊಮ್ಮೆ ಓದಿದೆ.

ಆ ಮರಿಯ ವಿಷಯವನ್ನು ಇಲ್ಲಿ ಹೇಳಬೇಕು. ಕೆಂಚಮ್ಮನ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಹುಟ್ಟಿದರೆ ಅವಳ ಹೆಸರಿಗೆ ಒಂದು ಹೆಣ್ಣುಕುರಿಯನ್ನು ಬಿಡುವ ಪದ್ಧತಿಯಿತ್ತು. ಅದರ ಸಂತಾನವೆಲ್ಲ ಅವಳದೇ. ಮದುವೆಯಾಗಿ ಹೋಗುವಾಗ ಹಿಂಡಾಗಿ ಬೆಳೆದದ್ದು ಅವಳ ಹಿಂದೆಯೇ ಹೋಗುತ್ತದೆ. ಅವಳ ಕುರಿಯ ಸಂತಾನದಲ್ಲಿ ಬರ ರೋಗಗಳನ್ನು ದಾಟಿ ಒಂದೇ ಹೆಣ್ಣುಕುರಿ ಉಳಿದಿತ್ತು; ಅದಕ್ಕೆ ಎರಡು ವರ್ಷ ಗಂಡುಮರಿಗಳೇ ಹುಟ್ಟಿ ಮಾರಾಟವಾಗಿದ್ದವು. ಆ ವರ್ಷ ಒಂದು ಹೆಣ್ಣುಮರಿ ಹುಟ್ಟಿತು, ಹುಟ್ಟಿದ ವಾರಕ್ಕೆ ತಾಯಿ ಸತ್ತಿತು. ಉಳಿದ ಆ ಮರಿಯೊಂದೇ ಅವಳ ಪಾಲು. ಅದು ಹೋದರೆ ಆ ವಂಶವೂ ಮುಗಿಯುತ್ತದೆ, ಆ ಮನೆಯಲ್ಲಿ ಅವಳದೆಂಬುದೂ ಮುಗಿಯುತ್ತದೆ. ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

ಗಂಟೆ ಹೊಡೆದದ್ದೇ ಸೈಕಲ್ಲು ಹತ್ತಿದೆ. ದಾರಿಯಲ್ಲಿ ದನದ ಆಸ್ಪತ್ರೆ. ಡಾಕ್ಟರು ಹಳ್ಳಿಯೊಂದಕ್ಕೆ ಹೋಗಿದ್ದರು, ಕಾಂಪೌಂಡರ್ ಇದ್ದ. ಉಪ್ಪು ಬೆಲ್ಲದ ನೀರು ಸಾಕೇ ಎಂದು ನನ್ನ ಹೊಸ ಪಾಂಡಿತ್ಯವನ್ನು ತೋರಿಸಿದೆ. "ಬೆಲ್ಲ ಮನುಷ್ಯರಿಗೆ ಸಾರ್, ಕುರಿಮರಿ ಹೊಟ್ಟೆಗೆ ಬೆಲ್ಲ ಸಕ್ಕರೆ ಅರಗಲ್ಲ. ಗ್ಲೂಕೋಸೇ ಬೇಕು" ಎಂದು ಹೇಳಿ, ಅಳತೆ ಮಾಡಿದ ಪುಡಿಯ ಪೊಟ್ಟಣವನ್ನು ಕೊಟ್ಟು, ಎಷ್ಟು ನೀರಿಗೆಂದು ಎರಡು ಸಲ ಹೇಳಿಸಿ ಕೇಳಿದ. ಪಾಠವನ್ನು ಒಪ್ಪಿಸುವವನ ಜಾಗದಲ್ಲಿ ನಿಂತು ನನಗೆ ಬಹಳ ವರ್ಷಗಳಾಗಿದ್ದವು. "ಡಾಕ್ಟ್ರು ಬಂದ ತಕ್ಷಣ ಕಳಿಸ್ತೀನಿ. ಅಲ್ಲೀತಂಕ ನೀರು ನಿಲ್ಲಿಸಬ್ಯಾಡ್ರಿ, ಅಷ್ಟೇಯ."

ಹಟ್ಟಿಯಲ್ಲಿ ಬೇವಿನ ಮರದ ಕೆಳಗೆ ಕೆಂಚಮ್ಮ ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಅದರ ಕಣ್ಣುಗಳು ಒಳಕ್ಕೆ ಹೋಗಿದ್ದವು. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆಯು ಹಾಗೆಯೇ ನಿಲ್ಲುತ್ತಿತ್ತು. ಪಕ್ಕದಲ್ಲಿ ಅವಳ ಅಜ್ಜಿ ಈರಜ್ಜಿ ಉಣ್ಣೆ ಹಿಂಜುತ್ತ ಕುಳಿತಿದ್ದಳು.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಇಸ್ಕೂಲು ಇಲ್ಲಿಗೇ ಬಂತಲ್ಲೇ ಕೆಂಚಿ!"

"ಅಜ್ಜಿ, ಮರಿಗೆ ನೀರು ಕೊಡಬೇಕು."

"ನೀರಾ? ಉಚ್ಕಣೋ ಮರಿಗೆ ನೀರು ಬಿಟ್ರೆ ಹಿಂದಿಂದ ಹಂಗೇ ಹೋಗ್ತೈತೆ. ನಮ್ಮತ್ತೆ ಕಾಲದಿಂದ ಎಲ್ಡು ದಿನ ನೀರು ಬಿಡಾಕಿಲ್ಲ."

ಕೆಂಚಮ್ಮ ನನ್ನ ಮುಖವನ್ನು ನೋಡಲಿಲ್ಲ. ಮರಿಯ ಕಿವಿಯನ್ನು ಸವರುತ್ತಲೇ ಹೇಳಿದಳು. "ಸೋಮವಾರವೇ ವಸಿ ಸುರುವಾಗಿತ್ತು ಸಾರ್. ಅಜ್ಜಿ ನೀರು ಬ್ಯಾಡ ಅಂದಾಗ ನಾನು ಬಾಯಿ ಮಾಡ್ದೆ. ಅದ್ಕೇ ನಿಮ್ಮನ್ನ ಕೇಳಿದ್ದು. ನೀವೂ ಅಜ್ಜಿ ಹೇಳಿದ್ದೇ ಹೇಳಿದ್ರಿ. ಆಮ್ಯಾಕೆ ಅದು ತಾನೇ ನಿಂತಿತ್ತು, ನಿನ್ನೆ ಜೋರಾದಾಗ ನಾನೇ ನೀರು ನಿಲ್ಲಿಸ್ದೆ."

ಆ ಕ್ಷಣದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಆ ಹುಡುಗಿಯ ಬುದ್ಧಿ ಸರಿಯಾದ ದಾರಿಯಲ್ಲಿಯೇ ಹೊರಟಿತ್ತು. ನನ್ನ ಚೆಂದದ ವಾಕ್ಯವು ಅಡ್ಡ ನಿಂತು ಅದನ್ನು ತಡೆದಿತ್ತು.

"ನಾನು ಹೇಳಿದ್ದು ತಪ್ಪು, ಕೆಂಚಮ್ಮ" ಎಂದೆ. ಅಷ್ಟು ವರ್ಷಗಳ ಮೇಷ್ಟರಿಕೆಯಲ್ಲಿ ಒಬ್ಬ ವಿದ್ಯಾರ್ಥಿಯ ಮುಂದೆ ನಾನು ಆಡಿದ ಅತ್ಯಂತ ಚಿಕ್ಕ ವಾಕ್ಯಗಳಲ್ಲಿ ಅದೊಂದು.

ಈರಜ್ಜಿಯ ಕೈ ನಿಂತಿತು. "ಅಯ್ಯೋ ಶಿವನೇ! ಮೇಷ್ಟ್ರಾಗಿ ತಪ್ಪು ಹೇಳಿದ್ರಾ? ಅದ್ನೂ ಗೌರ್ಮೆಂಟೋರು ಕೇಳಲ್ವಾ?"

"ಕೇಳುವುದಿಲ್ಲ ಅಜ್ಜಿ, ಅದೇ ತೊಂದರೆ."

ಆಮೇಲೆ ವಿವರಿಸಲು ತೊಡಗಿದೆ. ಕರುಳೆಂದರೆ ಕೋಶಗಳ ಸಾಲು, ಕೋಶಕ್ಕೊಂದು ಪೊರೆ, ಪೊರೆಯಲ್ಲೊಂದು ಬಾಗಿಲು, ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆಯುತ್ತದೆ ಎಂದೆ. ಅಜ್ಜಿ ನಿರ್ವಿಕಾರವಾಗಿ ಕೇಳಿದಳು. ನನ್ನ ಮಾತಿನ ಕಟ್ಟಡವು ಮೇಲೇರಿದಷ್ಟೂ ಅವಳ ಕಣ್ಣುಗಳು ಉಣ್ಣೆಯ ಕಡೆಗೆ ತಿರುಗುತ್ತಿದ್ದವು. ಕೆಂಚಮ್ಮ ತಟ್ಟನೆ ನಡುವೆ ಬಾಯಿ ಹಾಕಿದಳು.

"ಅಜ್ಜೀ, ಸಂಜೆ ರೊಪ್ಪದ ತಡಿಕೆ ತಾವ ನೀನೇನ್ ಮಾಡ್ತೀಯ?"

"ಏನ್ ಮಾಡ್ತೀನಿ? ತಾಯಿ ಮರಿ ಜೋಡಿ ನೋಡಿ ಒಳಕ್ಕೆ ಬಿಡ್ತೀನಿ. ಒಂಟಿ ಮರಿ ಬಿಟ್ರೆ ತುಳಿಸ್ಕಂಡು ಸಾಯ್ತೈತೆ. ಒಂಟಿ ತಾಯಿ ಬಿಟ್ರೆ ಅರಚಿ ಅರಚಿ ಎಲ್ಲಾನೂ ಎಬ್ಬುಸ್ತೈತೆ."

"ಅಂಗೇಯ. ಹೊಟ್ಟೆ ಒಳಗೂ ಒಂದು ತಡಿಕೆ ಐತಂತೆ. ಉಪ್ಪು ತಾಯಿ, ಗ್ಲೂಕೋಸು ಮರಿ. ಜೋಡಿ ಬಂದ್ರೆ ಬಿಡ್ತೈತೆ. ನೀರು ಅವುಗಳ ಹಿಂದ್ಲೇ ನಾಯಿಮರಿ ಹೋದಂಗೆ ಒಳಕ್ಕೆ ಹೋಗ್ತೈತೆ. ಬರೀ ನೀರು ಕೊಟ್ರೆ ಒಳಗೆ ನಿಲ್ತಿರ್ಲಿಲ್ವಲ್ಲ, ಅದಕ್ಕೇ ಅಂತ ಕಾಣ್ತೈತೆ, ಅಲ್ವಾ ಸಾರ್?"

ಅಜ್ಜಿ ಮರಿಯ ಕಡೆಗೆ ತಿರುಗಿ ಅದರ ಹೊಟ್ಟೆಯನ್ನು ಮುಟ್ಟಿ ನೋಡಿದಳು. ರೊಪ್ಪವೆಂಬ ಕುರಿದೊಡ್ಡಿಯ ತಡಿಕೆಬಾಗಿಲಿನಲ್ಲಿ ನಲವತ್ತು ವರ್ಷ ನಿಂತು ತಾಯಿ ಮರಿಗಳನ್ನು ಜೋಡಿಸಿ ಬಿಟ್ಟವಳು. ಅವಳಿಗೆ ಅರ್ಥವಾಗದ ಮಾತು ಅದರಲ್ಲಿ ಒಂದೂ ಇರಲಿಲ್ಲ. "ಅಂಗಂತ ಮೊದ್ಲೇ ಹೇಳಾಕೇನು ಮೇಷ್ಟ್ರೇ? ಲೇ ಕೆಂಚಿ, ಕಾಸಿ ಆರಿಸಿದ ನೀರು ಐತೆ, ತಾರೇ" ಎಂದಳು.

ಆ ಹೋಲಿಕೆಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಕಾಗದವೊಂದರ ನಾಲ್ಕು ಸಾಲುಗಳನ್ನು ನನ್ನ ಬಾಯಿಂದ ಕೇಳಿ, ತನ್ನ ಬದುಕಿನಲ್ಲಿ ಅದು ಎಲ್ಲಿದೆಯೆಂದು ಆ ಹುಡುಗಿ ಹುಡುಕಿ ತೆಗೆದಿದ್ದಳು. ಮೇಷ್ಟರಾದವನಿಗೆ ಇದಕ್ಕಿಂತ ದೊಡ್ಡ ಸುಖವಿದೆಯೆಂದು ನಾನು ನಂಬುವುದಿಲ್ಲ; ಇದ್ದರೂ ನನಗೆ ಅದು ಬೇಡ.

ಪೊಟ್ಟಣದ ಪುಡಿಯನ್ನು ನೀರಿಗೆ ಬೆರೆಸಿ ಚಮಚದಲ್ಲಿ ಕುಡಿಸತೊಡಗಿದೆವು. ನಾನು ಶಾಸ್ತ್ರೋಕ್ತವಾಗಿ ಮರಿಯ ತಲೆಯನ್ನು ಮೇಲೆತ್ತಿದಾಗ ಅಜ್ಜಿ ನನ್ನ ಕೈಗೆ ಹೊಡೆದಳು. "ಅಷ್ಟು ಎತ್ತಬ್ಯಾಡ್ರೀ, ಮೂಗಿಗೆ ಏರ್ತೈತೆ! ಮಕ್ಕಳಿಗೂ ಹಿಂಗೇ ಪಾಠ ಕುಡಿಸ್ತೀರೇನು?" ಹೌದೆಂದು ಹೇಳಲು ನಾಚಿಕೆಯಾಗಿ ಮರಿಯ ತಲೆಯನ್ನು ಇಳಿಸಿದೆ. ಮರಿಯನ್ನು ನನ್ನ ತೊಡೆಯ ಮೇಲೆ ಹಾಕಿ, ಕುಡಿಸುವ ಕೆಲಸವನ್ನು ಕೆಂಚಮ್ಮ ವಹಿಸಿಕೊಂಡಳು. ಒಂದು ಚಮಚ, ಸ್ವಲ್ಪ ಬಿಡುವು, ಮತ್ತೊಂದು ಚಮಚ. ಎರಡು ಗಂಟೆಯಾಯಿತು, ಮೂರಾಯಿತು. ಮರಿ ನುಂಗುತ್ತಿತ್ತು, ಅಷ್ಟೇ, ಕಣ್ಣು ತೆರೆಯಲಿಲ್ಲ. ಭೇದಿಯೂ ಒಮ್ಮೆ ಆಯಿತು. ಕೆಂಚಮ್ಮ ನನ್ನನ್ನು ನೋಡಿದಳು. ನಿಲ್ಲಿಸಬೇಡ ಎಂದೆ. ಒಂದು ವಾರದಲ್ಲಿ ಎರಡು ಸಲ ಅದೇ ಹುಡುಗಿಗೆ ತಪ್ಪು ಹೇಳಿದವನಾಗುವ ಧೈರ್ಯ ನನಗಿರಲಿಲ್ಲ.

ಸುಮ್ಮನೆ ಕುಳಿತವನಿಗೆ ಕಣ್ಣೆದುರಿಗೆ ಕಂಡದ್ದು ಬಯಲಿನಲ್ಲಿದ್ದ ಹಿಂಡು. ಬಿಸಿಲಿನ ಹೊತ್ತಿನಲ್ಲಿ ಕುರಿಗಳು ಒಂದರ ಹೊಟ್ಟೆಯ ನೆರಳಿನಲ್ಲಿ ಇನ್ನೊಂದು ತಲೆಯನ್ನು ಅಡಗಿಸಿಕೊಂಡು ಒತ್ತಾಗಿ ನಿಲ್ಲುತ್ತವೆ. ಬಿಸಿಲಿಗೆ ಹೆದರಿ ಕುರಿ ತಲೆಯನ್ನು ಅಡಗಿಸಿದರೆ, ನೀರಿಗೆ ಹೆದರಿ ಕೊಬ್ಬಿನ ಅಣು ಬಾಲವನ್ನು ಅಡಗಿಸುತ್ತದೆ. ಗುಂಪು ಕಟ್ಟುವ ನ್ಯಾಯ ಒಂದೇ. ಹಿಂಡಿನ ಒಳಗೆ ಕುರಿಗಳು ಸದಾ ಜಾಗ ಬದಲಿಸುತ್ತಿರುತ್ತವೆ, ಹಿಂಡು ಮಾತ್ರ ಚದುರುವುದಿಲ್ಲ. ಪೊರೆಯೂ ಹಾಗೆಯೇ. ಅಂಥ ಪೊರೆಗಳನ್ನು ಹತ್ತು ಸಾವಿರ ಪೇರಿಸಿದರೂ ಕಾಗದದ ಒಂದು ಹಾಳೆಯ ದಪ್ಪಕ್ಕೆ ಬರುವುದಿಲ್ಲವಂತೆ. ಅಷ್ಟು ತೆಳ್ಳನೆಯದು ಹಗಲಿರುಳು ಉಪ್ಪನ್ನು ಹೊರಕ್ಕೆ ದೂಡುತ್ತ, ಬೇಕಾದದ್ದನ್ನು ಒಳಕ್ಕೆ ಕರೆಯುತ್ತ ಇರುತ್ತದೆ; ನಾವು ಉಂಡ ಮುದ್ದೆಯ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಈ ದೂಡುವ ಕೆಲಸಕ್ಕೇ ಸಲ್ಲುತ್ತದೆ. ಬೆಟ್ಟದ ಮೇಲಿನ ಕೋಟೆಯನ್ನು ಕಟ್ಟಿಸಿದವರ ಬಗ್ಗೆ ನಮಗೆ ಹೆಮ್ಮೆಯಿರುವುದು ನ್ಯಾಯವೇ. ಆದರೆ ದುರ್ಗದಲ್ಲಿ ಹುಟ್ಟಿದವನಿಗೂ ಹೊಳಲ್ಕೆರೆಯಲ್ಲಿ ಹುಟ್ಟಿದವನಿಗೂ ಒಂದು ಕುರಿಮರಿಗೂ ಸಮಾನವಾಗಿ ಸಿಕ್ಕಿರುವ ಈ ರಚನೆಯ ಬಗ್ಗೆ ನಾವು ಎಂದೂ ಎದೆಯುಬ್ಬಿಸಿ ನಡೆದದ್ದಿಲ್ಲ. ಅಂದು ಆ ಬೇವಿನ ನೆರಳಿನಲ್ಲಿ ನನಗೆ ಅದರ ಬಗ್ಗೆ ಮೊದಲ ಬಾರಿ ಹೆಮ್ಮೆಯಾಯಿತು. ಹೆಮ್ಮೆಯ ಜೊತೆಯಲ್ಲಿ ಭಯವೂ ಇತ್ತು, ಏಕೆಂದರೆ ಮರಿಯಿನ್ನೂ ಅಲುಗಾಡಿರಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ಡಾಕ್ಟರು ಮೋಟಾರ್ ಸೈಕಲ್ಲಿನಲ್ಲಿ ಬಂದು, ಒಂದು ಇಂಜೆಕ್ಷನ್ ಕೊಟ್ಟು, ಬಾಯಿಯೊಳಗೆ ಬೆರಳಿಟ್ಟು ನೋಡಿ, "ನೀರು ಕೊಡ್ತಿರೋದು ಒಳ್ಳೇದಾಯ್ತು. ಉಚ್ಚೆ ಹೊಯ್ತಾ?" ಎಂದು ಕೇಳಿದರು. ನಿನ್ನೆ ಮಧ್ಯಾಹ್ನದಿಂದ ಇಲ್ಲವೆಂದಳು ಕೆಂಚಮ್ಮ. "ಉಚ್ಚೆ ಹೊಯ್ದ್ರೆ ಗೆದ್ದಂಗೆ. ಅಲ್ಲೀತಂಕ ಬಿಡಬ್ಯಾಡ್ರಿ" ಎಂದು ಹೇಳಿ ಅವರು ಇನ್ನೊಂದು ಹಟ್ಟಿಗೆ ಹೋದರು.

ಮತ್ತೆ ಚಮಚ, ಮತ್ತೆ ಬಿಡುವು. ಅಜ್ಜಿ ಉಣ್ಣೆಯನ್ನು ಬದಿಗಿಟ್ಟು ಮರಿಯ ಬೆನ್ನನ್ನು ತಿಕ್ಕುತ್ತಿದ್ದಳು. ಹೊತ್ತು ಇಳಿಯುತ್ತಿದ್ದಾಗ ಮರಿ ಕಣ್ಣು ತೆರೆಯಿತು. ಚಮಚವನ್ನು ತಾನಾಗಿಯೇ ಚೀಪಿತು. ಮುಂಗಾಲನ್ನು ನನ್ನ ಮೊಣಕಾಲಿಗೆ ಒತ್ತಿ, ಹಿಂಗಾಲುಗಳನ್ನು ನಡುಗಿಸುತ್ತ ಅದು ನನ್ನ ಮಡಿಲಲ್ಲಿ ಎದ್ದು ನಿಂತಿತು. ನಿಂತದ್ದು ತುಸು ಕುಗ್ಗಿತು. ಆಮೇಲೆ ನನ್ನ ತೊಡೆಗೆ ಬೆಚ್ಚಗಿನದೇನೋ ತಾಗಿತು.

"ಹೊಯ್ತು! ಉಚ್ಚೆ ಹೊಯ್ತು ಕಣಜ್ಜೀ!" ಎಂದು ಕೆಂಚಮ್ಮ ಕಿರುಚಿದಳು. ಅತ್ತಿತ್ತಲಿನ ಗುಡಿಸಲುಗಳಿಂದ ಹೆಂಗಸರು ಓಡಿಬಂದರು. ಈರಜ್ಜಿ ಕೈ ತಟ್ಟಿ ನಕ್ಕಳು. "ಮೇಷ್ಟ್ರ ಗರಿಗರಿ ಪಂಚೆ ಮ್ಯಾಲೇ ಹೊಯ್ತಲ್ಲಪ್ಪ! ಲೇ ಕೆಂಚಿ, ನಿನ್ನ ಹಿಂಡು ಉಳೀತು ಕಣೇ!" ಕೆಂಚಮ್ಮ ನಗುತ್ತಿದ್ದಳು, ನಗುತ್ತ ನಗುತ್ತ ಮರಿಯ ಕತ್ತಿನಲ್ಲಿ ಮುಖವನ್ನು ಹುದುಗಿಸಿದಳು, ಅವಳ ಭುಜಗಳು ಅಲುಗುತ್ತಿದ್ದವು.

ನಾನು ಕದಲದೆ ಕುಳಿತಿದ್ದೆ. ಎಣಿಸಲಾಗದಷ್ಟು ಕೋಶಗಳು ತಮ್ಮ ತಮ್ಮ ಬಾಗಿಲುಗಳಿಂದ ಮಧ್ಯಾಹ್ನವಿಡೀ ನೀರನ್ನು ಒಳಕ್ಕೆ ಕರೆದುಕೊಂಡು, ಈಗ ನಮಗೆ ಸಾಕಾಯಿತು, ಮಿಕ್ಕದ್ದನ್ನು ಬಿಡಬಹುದು ಎಂದು ಒಮ್ಮತದಿಂದ ತೀರ್ಮಾನಿಸಿದ್ದವು. ಆ ತೀರ್ಮಾನವು ನನ್ನ ಪಂಚೆಯ ಮೇಲೆ ಪ್ರಕಟವಾಗಿತ್ತು. ಇದಕ್ಕಿಂತ ಸ್ಪಷ್ಟವಾದ ವಾಕ್ಯವನ್ನು ನಾನು ಇಂದಿನವರೆಗೂ ಓದಿಲ್ಲ.

"ಬರ್ರಿ, ತೊಳ್ಕಳ್ರಿ ಮೇಷ್ಟ್ರೇ, ತಂಬಿಗೆ ತಂದಿವ್ನಿ" ಎಂದಳು ಅಜ್ಜಿ. ಬೇಡವೆಂದೆ. ಒದ್ದೆಯಾದ ಭಾಗವು ಎಲ್ಲರಿಗೂ ಕಾಣುವಂತೆ ಪಂಚೆಯನ್ನು ನೀಟಾಗಿ ಹರವಿಕೊಂಡು ಸೈಕಲ್ಲು ಹತ್ತಿದೆ. ಮನೆಗೆ ಹತ್ತಿರದ ದಾರಿಯೊಂದಿತ್ತು. ನಾನು ಪೇಟೆಯ ನಡುವಿನಿಂದ, ನಿಧಾನವಾಗಿ ಹೋದೆ.